ತಬಿಥಮ್ಮನವರು ಬದಲಿಸಿಕೊಂಡ ಚೀಟಿ

ಕರಿಗುಡ್ಡದ ನೇಕಾರ ಓಣಿಯ ಕೊನೆಗೆ, ದೇವಾಲಯದ ಗೋಡೆಗೆ ಬೆನ್ನು ಹಚ್ಚಿ ಒಂದು ಕೋಣೆಯಿತ್ತು. ಪೂಜ್ಯ ತಬಿಥಮ್ಮನವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೋಣೆಯಲ್ಲಿ ಬಾಳಿದರು. ಸಂತರೆಂದರೆ ಗುಹೆಯಲ್ಲೋ ಬೆಟ್ಟದ ತುದಿಯಲ್ಲೋ ಕಣ್ಣು ಮುಚ್ಚಿ ಕೂತಿರಬೇಕು ಎಂದು ಬಯಸುವವರಿಗೆ ಅಲ್ಲಿ ನಿರಾಸೆಯೇ ಆಗುತ್ತಿತ್ತು. ಬಾಗಿಲಲ್ಲಿ ಕೂತು ರಾಟೆ ತಿರುಗಿಸುತ್ತ, ಓಣಿಯ ಮಗ್ಗಗಳಿಗೆ ಕಂಡಿಕೆಯ ಮೇಲೆ ನೂಲು ಸುತ್ತಿಕೊಡುವ ಮುದುಕಿಯೊಬ್ಬರು ಕಾಣುತ್ತಿದ್ದರು, ಅಷ್ಟೇ. ಹೋಗಿ ಬರುವವರನ್ನು ಮಾತಾಡಿಸುತ್ತಿದ್ದರು. ಸೊಸೆಯನ್ನು ಬೈಯುವ ಅತ್ತೆಯರನ್ನು ನಿಲ್ಲಿಸಿಕೊಂಡು ತಾವೇ ನಾಲ್ಕು ಮಾತು ಬೈದು ಕಳಿಸುತ್ತಿದ್ದರು.

ಆದರೆ ಓಣಿಯವರಿಗೆ ಅವರು ಯಾರೆಂದು ಗೊತ್ತಿತ್ತು. ಪ್ಲೇಗು ಬಂದ ವರ್ಷ ಊರಿನವರು ಊರ ಹೊರಗೆ ತಡಿಕೆ ಕಟ್ಟಿ, ಛಪ್ಪರ ಹಾಕಿ, ಬೇನೆ ಬಿದ್ದವರನ್ನೆಲ್ಲ ಅಲ್ಲಿಗೆ ಸಾಗಿಸಿದ್ದರು. ಛಪ್ಪರದೊಳಗೆ ಉಳಿದು ಎಲ್ಲರನ್ನೂ ನೋಡಿಕೊಳ್ಳುವ ಎದೆ ಯಾರಿಗೂ ಇರಲಿಲ್ಲ. ಆಗಷ್ಟೇ ಗಂಡನನ್ನು ಮಣ್ಣು ಮಾಡಿ ಬಂದಿದ್ದ ತಬಿಥಮ್ಮನವರು ಸೀರೆಯ ಸೆರಗು ಬಿಗಿದು ಒಳಗೆ ಹೋದರು. ಎರಡು ತಿಂಗಳು ಹೊರಗೆ ಬರಲಿಲ್ಲ. ಸಾಯುವವರ ಬಾಯಿಗೆ ನೀರು ಬಿಟ್ಟರು, ಕಿವಿಯಲ್ಲಿ ಕ್ರಿಸ್ತನ ಹೆಸರು ಹೇಳಿದರು, ಕಣ್ಣು ಮುಚ್ಚಿದರು. ಪ್ಲೇಗು ಅವರ ಮೈ ಮುಟ್ಟಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ, “ಅದಕ್ಕ ನನ್ನ ಕಡೆ ನೋಡಾಕ ಪುರಸೊತ್ತ ಇರಲಿಲ್ಲ” ಎಂದು ನಕ್ಕುಬಿಡುತ್ತಿದ್ದರು.

ಕರಿಗುಡ್ಡದ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಪೀಠದ ಮುಂದೆ ಒಂದು ಹಿತ್ತಾಳೆಯ ಕೊಡ ಇಡುತ್ತಿದ್ದರು. ಅದರ ತುಂಬ ಮಡಚಿದ ಚೀಟಿಗಳು. ಒಂದೊಂದರಲ್ಲೂ ಸತ್ಯವೇದದ ಒಂದೊಂದು ವಾಗ್ದಾನ. ಸಭೆಯವರು ಒಬ್ಬೊಬ್ಬರಾಗಿ ಬಂದು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಕೈ ಹಾಕಿ ಒಂದು ಚೀಟಿ ತೆಗೆಯಬೇಕು. ಕೈಗೆ ಬಂದ ಮಾತು ಆ ವರ್ಷಕ್ಕೆ ದೇವರು ತನಗೇ ಆಡಿದ ಮಾತೆಂದು ನಂಬುತ್ತಿದ್ದರು. ಕೆಲವರು ಅದನ್ನು ಬಾಗಿಲಿಗೆ ಅಂಟಿಸುವರು, ಕೆಲವರು ಮಗ್ಗದ ಗೂಟಕ್ಕೆ ಕಟ್ಟುವರು. ಡಿಸೆಂಬರ್ ಪೂರ್ತಿ ಕೂತು ಈ ಚೀಟಿಗಳನ್ನು ಬರೆಯುತ್ತಿದ್ದವರು ತಬಿಥಮ್ಮನವರು.

ಒಮ್ಮೆ ಹಿರಿಯ ಜಕರೀಯಪ್ಪನವರಿಗೆ ಜಗಳ ಬಿಡಿಸುವವರನ್ನು ಧನ್ಯರೆನ್ನುವ ವಚನ ಬಂತು. ಓಣಿಯ ಜಗಳಗಳಲ್ಲಿ ಅರ್ಧಪಾಲು ಅವರೇ ತೆಗೆದವು. ಅವರಿಗೆ ಆ ಚೀಟಿ ಚುರುಕ್ಕೆಂದಿತು. ಹೆಂಡತಿಯ ಚೀಟಿಯ ಜೊತೆ ಮೆಲ್ಲಗೆ ಬದಲಾಯಿಸಲು ಹೋಗಿ, ದೇವಾಲಯದ ಮೆಟ್ಟಿಲ ಮೇಲೆಯೇ ಆಕೆಯಿಂದ ಬೈಸಿಕೊಂಡರು. ಆಮೇಲೆ ಸಭೆಯ ಹಿರಿಯರು ಕೂತು ಒಂದು ನಿಯಮ ಮಾಡಿದರು. ಕೈಗೆ ಬಂದದ್ದೇ ತನ್ನದು, ಬದಲಿ ಮಾಡಕೂಡದು. ಆ ನಿಯಮವನ್ನು ಬರೆದು ಓದಿ ಹೇಳಿದವರು ಬಾರ್ನಬ ಮಾಸ್ತರರು.

ಬಾರ್ನಬ ಮಾಸ್ತರರು ಓಣಿಯ ಶಾಲೆಯ ಹೆಡ್ ಮಾಸ್ತರರು, ಸಭೆಯ ಹಿರಿಯರು, ಒಳ್ಳೆಯ ಓದಿನವರು. ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣಕ್ಕೆ ಸಿದ್ಧರಾಗುವ ಹುಡುಗ ಹುಡುಗಿಯರಿಗೆ ಧರ್ಮೋಪದೇಶ ಕಲಿಸುತ್ತಿದ್ದವರೂ ಅವರೇ. ರಕ್ಷಣೆ ಎಂದರೇನು, ಪ್ರಾಯಶ್ಚಿತ್ತ ಎಂದರೇನು, ಜಗತ್ತು ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡನೆಂದರೆ ಏನರ್ಥ, ಇವನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆದು, ಗಣಿತ ಬಿಡಿಸಿದಷ್ಟು ಸ್ವಚ್ಛವಾಗಿ ಬಿಡಿಸಿ ಹೇಳುತ್ತಿದ್ದರು. ಸಭೆಯ ಪಾದ್ರಿ ಅಯ್ಯನವರಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅಯ್ಯನವರು ಒಳ್ಳೆಯವರು, ಅದನ್ನು ಅವರೂ ಒಪ್ಪಿಕೊಳ್ಳುತ್ತಿದ್ದರು.

ಒಂದು ಸಂಗತಿ ಮಾತ್ರ ಜನರಿಗೆ ಅರ್ಥವಾಗುತ್ತಿರಲಿಲ್ಲ. ಪ್ಲೇಗು ಹೋಗಿ ಹತ್ತೊಂಬತ್ತು ವರ್ಷ ಕಳೆದಿದ್ದರೂ ಮಾಸ್ತರರು ಒಮ್ಮೆಯೂ ತಬಿಥಮ್ಮನವರ ಬಾಗಿಲಿಗೆ ಹೋದವರಲ್ಲ. ದಾರಿಯಲ್ಲಿ ಎದುರಾದರೆ ಕೈ ಮುಗಿದು, ತಲೆ ತಗ್ಗಿಸಿ, ಬೇಗ ದಾಟಿಹೋಗುವರು. ಓದಿದವರ ಬಿಗುಮಾನ ಎಂದು ಜನ ಅಂದುಕೊಂಡರು. ನಮ್ಮ ಜನಕ್ಕೆ ಹೀಗೆ ಅಂದುಕೊಳ್ಳುವುದಕ್ಕೆ ಯಾವತ್ತೂ ತಡವಾಗುವುದಿಲ್ಲ.

ಆ ವರ್ಷದ ಜನವರಿ ಒಂದನೇ ತಾರೀಖು ಮಾಸ್ತರರು ಕೊಡದಲ್ಲಿ ಕೈ ಹಾಕಿ ಚೀಟಿ ತೆಗೆದರು. ತಮ್ಮ ಜಾಗಕ್ಕೆ ಬಂದು ಬಿಚ್ಚಿ ನೋಡಿದರು. ಅದರಲ್ಲಿ ಏನೂ ಬರೆದಿರಲಿಲ್ಲ. ಹಿಂದೆ ಮುಂದೆ ತಿರುಗಿಸಿದರು. ಎರಡೂ ಕಡೆ ಬಿಳಿ ಹಾಳೆ. ಪಕ್ಕದಲ್ಲಿದ್ದವರು, “ಏನ ಬಂತ್ರಿ ಮಾಸ್ತರ?” ಎಂದು ಕೇಳಿದಾಗ ಅವರು ಚೀಟಿಯನ್ನು ಮೊದಲಿನಂತೆ ಮಡಚಿ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡರು. ಮುಖ ಮಾತ್ರ ಸುಣ್ಣದ ಗೋಡೆಯಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ, ಅಮ್ಮನವರ ಕಣ್ಣು ಮಂಜಾಗಿದೆ, ಬರೆಯಲು ಮರೆತಿದ್ದಾರೆ ಎಂದು ನಕ್ಕು ಇನ್ನೊಂದು ತೆಗೆಯುತ್ತಿದ್ದರು. ಮಾಸ್ತರರ ಕಷ್ಟವೆಂದರೆ ಅವರು ಕಲಿಸುವವರು. ದೇವರ ಇಚ್ಛೆಯಿಲ್ಲದೆ ಒಂದು ಗುಬ್ಬಿಯೂ ನೆಲಕ್ಕೆ ಬೀಳದು ಎಂದು ಎಷ್ಟು ಮಕ್ಕಳಿಗೆ ಕಂಠಪಾಠ ಮಾಡಿಸಿದ್ದರೋ! ಈಗ ಅದೇ ಪಾಠ ಅವರ ಕುತ್ತಿಗೆಗೆ ಬಂದಿತ್ತು. ಎಲ್ಲರಿಗೂ ಒಂದೊಂದು ಮಾತು ಕೊಟ್ಟ ದೇವರು ತನಗೆ ಮಾತು ಕೊಡಲಿಲ್ಲ. ತಾನು ಆರಿಸಲ್ಪಟ್ಟವನಲ್ಲ. ಹೀಗೆ ತೀರ್ಮಾನ ಮಾಡಿಕೊಂಡರು.

ಅಂದಿನಿಂದ ಅವರು, ತಿಂಗಳಿಗೊಮ್ಮೆ ಸಭೆಯವರೆಲ್ಲ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೋಗಲಿಲ್ಲ. ಫೆಬ್ರವರಿಯಲ್ಲಿ ಕೆಮ್ಮು ಬಂದವರಂತೆ ಎದ್ದು ಹೊರಗೆ ನಡೆದರು. ಮಾರ್ಚಿನಲ್ಲಿ ಆ ಭಾನುವಾರ ಊರಲ್ಲೇ ಇರಲಿಲ್ಲ. ಈಸ್ಟರ್ ಹತ್ತಿರ ಬಂತು. ಆ ದಿನ ಹನ್ನೊಂದು ಮಕ್ಕಳ ದೃಢೀಕರಣವಿತ್ತು. ಅವರನ್ನು ತಯಾರು ಮಾಡಿದ ಮಾಸ್ತರರು ಅವರ ಜೊತೆ ನಿಂತು ಮೊದಲು ರೊಟ್ಟಿಯನ್ನೂ ಪಾತ್ರೆಯನ್ನೂ ತೆಗೆದುಕೊಳ್ಳುವುದು ರೂಢಿ. ತನಗೆ ಹಕ್ಕಿಲ್ಲದ ಮೇಜಿಗೆ ಕೈ ಚಾಚಲು ಅವರ ಮನಸ್ಸು ಒಪ್ಪಲಿಲ್ಲ. ಹಿರಿತನಕ್ಕೂ ಶಾಲೆಗೂ ರಾಜೀನಾಮೆ ಬರೆದರು. ಊರು ಬಿಟ್ಟು ಹೋಗುವುದೆಂದು ಗಟ್ಟಿ ಮಾಡಿದರು. ಶುಭ ಶುಕ್ರವಾರದ ಹಿಂದಿನ ದಿನ, ಮಧ್ಯಾಹ್ನದ ಸುಡುಬಿಸಿಲಲ್ಲಿ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ತಬಿಥಮ್ಮನವರ ಬಾಗಿಲಲ್ಲಿ ಬಂದು ನಿಂತರು. ಮುಂದೆ ನಡೆದದ್ದನ್ನು ಮಾಸ್ತರರೇ ತಮ್ಮ ಮುಪ್ಪಿನವರೆಗೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ನಮ್ಮ ಅಜ್ಜ ಅವರಲ್ಲೊಬ್ಬರು.

“ಬರ್ರಿ ಮಾಸ್ತರ. ನೆಳ್ಳಿಗೆ ಕುಂದರ್ರಿ,” ಎಂದರು ತಬಿಥಮ್ಮನವರು. ಹತ್ತೊಂಬತ್ತು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

“ಕುಂದರಾಕ ಬಂದಿಲ್ಲ ಯವ್ವಾ. ಒಂದು ಮಾತು ಕೇಳಿ ಹೋಗ್ತೀನಿ. ಈ ವರ್ಷ ಚೀಟಿ ಬರಿಯೋವಾಗ ಒಂದನ್ನ ಬೇಕಂತ ಖಾಲಿ ಬಿಟ್ಟಿದ್ರೇನ್ರಿ?”

“ಇಲ್ಲಪ್ಪ. ಕಣ್ಣು ಮೊದಲಿನಂಗಿಲ್ಲ. ಬಿಟ್ಟಿದ್ದರ ಕೈತಪ್ಪಿ ಬಿಟ್ಟಿರಬೇಕು. ಯಾರಿಗೆ ಬಂತದು?”

ಮಾಸ್ತರರು ಕಿಸೆಯಿಂದ ಚೀಟಿ ತೆಗೆದು ಹಿಡಿದರು. ಮೂರು ತಿಂಗಳು ಬಿಚ್ಚಿ ಮಡಚಿ ಅದರ ಅಂಚು ಹರಿಯಲು ಬಂದಿತ್ತು. “ನಿಮ್ಮ ಕೈ ತಪ್ಪಿರಬಹುದು. ದೇವರ ಕೈ ತಪ್ಪತೈತೇನ್ರಿ? ಸಭಿಗೆ ಸಭಿನ ಆ ಕೊಡದಾಗ ಕೈ ಹಾಕಿತ್ತು. ಇದೊಂದು ನನ್ನ ಕೈಗೇ ಯಾಕ ಬರಬೇಕಿತ್ತು? ಆರಿಸಿಕೊಂಡವರಿಗೆ ಆತ ಮಾತು ಕೊಟ್ಟ. ನನಗ ಕೊಡಾಕ ಆತನ ಹತ್ರ ಮಾತಿರಲಿಲ್ಲ.”

ದೊಡ್ಡ ದೊಡ್ಡ ಪಂಡಿತರು ಈ ಪ್ರಶ್ನೆಗೆ ಒಂದು ವಾರ ಉತ್ತರ ಹೇಳಿಯಾರು. ತಬಿಥಮ್ಮನವರು ರಾಟೆ ನಿಲ್ಲಿಸಿ ಅವರ ಮುಖ ನೋಡಿದರು.

“ಈ ಚೀಟಿ ಬರೂಕಿಂತ ಮೊದಲ ನಿಮಗ ಹಂಗ ಅನಿಸ್ತಿತ್ತಲ್ಲ, ಮಾಸ್ತರ?”

ಅಷ್ಟೇ ಕೇಳಿದ್ದು. ನಿಂತಿದ್ದ ಮಾಸ್ತರರು ಕೂತರು. ಕೂತದ್ದು ಚಾಪೆಯ ಮೇಲೋ ನೆಲದ ಮೇಲೋ ಅವರಿಗೇ ಗೊತ್ತಾಗಲಿಲ್ಲವಂತೆ. ಹತ್ತೊಂಬತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದು ಬಾಯಿಗೆ ಬಂತು.

ಅವರ ತಮ್ಮ ಯೋವೇಲ ಪ್ಲೇಗಿನ ಛಪ್ಪರದಲ್ಲಿ ಸತ್ತವನು. ತಂದೆ ತಾಯಿ ಮೊದಲೇ ಹೋಗಿದ್ದರು, ಅಣ್ಣನೇ ಸಾಕಿದ್ದ. ಬೇನೆ ಬಿದ್ದ ಮೂರನೆಯ ದಿನ ಬಾರ್ನಬರು ಒಂದು ತಂಬಿಗೆ ನೀರು ಹಿಡಿದು ತಡಿಕೆಯ ತನಕ ಹೋದರು. ಒಳಗಿನಿಂದ ತಮ್ಮ, “ಅಣ್ಣಾ, ಒಳಗ ಬಾ” ಎಂದು ಕೂಗಿದ. ಬಾರ್ನಬರು ಒಳಗೆ ಹೋಗಲಿಲ್ಲ. ತಂಬಿಗೆಯನ್ನು ನೆಲಕ್ಕಿಟ್ಟು ಓಡಿದರು. ಬೇರೆ ಊರಿನ ಸಂಬಂಧಿಕರ ಮನೆ ಸೇರುವವರೆಗೂ ನಿಲ್ಲಲಿಲ್ಲ. ಪ್ಲೇಗು ಹೋದ ಮೇಲೆ ತಿರುಗಿ ಬಂದಾಗ, ಮಾಸ್ತರಿಕೆಯ ಪರೀಕ್ಷೆಗೆ ಹೋಗಿದ್ದೆ ಎಂದು ಹೇಳಿದರು. ಜನ ನಂಬಿದರು. ಆದರೆ ಛಪ್ಪರದೊಳಗೆ ತಬಿಥಮ್ಮನವರಿದ್ದರು. ಆ ಕೂಗನ್ನು ಅವರು ಕೇಳಿದ್ದರೇ? ಕೇಳಿ ತಿಳಿದುಕೊಳ್ಳುವ ಧೈರ್ಯ ಬಾರ್ನಬರಿಗೆ ಬರಲಿಲ್ಲ. ಅದಕ್ಕೇ ಅವರು ಈ ಬಾಗಿಲಿಗೆ ಬಂದವರಲ್ಲ.

“ನನಗ ಗೊತ್ತೈತಿ,” ಎಂದರು ತಬಿಥಮ್ಮನವರು. “ನಾ ಅಲ್ಲೇ ಇದ್ದೆನಲ್ಲ.”

ಅಮ್ಮನವರೇ ಮುಂದುವರಿಸಿದರು.

“ಆ ತಂಬಿಗಿ ಒಳಗ ತಂದು ಕುಡಿಸಿದಾಕಿ ನಾನ. ‘ನಮ್ಮ ಅಣ್ಣ ತಂದಾನ’ ಅಂತ ಖುಷಿಲೆ ಕುಡಿದ ಅಂವ. ಬಾಜೂಕ ಮಲಗಿದವರಿಗೆಲ್ಲ ಹೇಳಿದ.”

ಆಗ ಬಾರ್ನಬ ಮಾಸ್ತರರು ಅತ್ತ ಅಳುವನ್ನು ಬರೆಯಲು ನನ್ನಿಂದಾಗದು. ಮನೆಯ ದೊಡ್ಡವರು ಸತ್ತಾಗಲೂ ಗಂಡಸರು ಹಾಗೆ ಅಳುವುದಿಲ್ಲ. ಅಮ್ಮನವರು ಅಳಬೇಡ ಎನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಮಾಸ್ತರರು, “ಆದರ ನಾ ಓಡಿದೆನಲ್ಲ ಯವ್ವಾ,” ಎಂದರು.

“ಓಡಿದಿ ತಮ್ಮಾ. ಓಡಿಲ್ಲ ಅಂತ ನಾ ಸುಳ್ಳು ಹೇಳಂಗಿಲ್ಲ.” ಅವರ ಬಾಯಲ್ಲಿ ‘ಮಾಸ್ತರ’ ಹೋಗಿ ‘ತಮ್ಮಾ’ ಬಂದಿತ್ತು. “ಜಗತ್ತು ಹುಟ್ಟೂಕಿಂತ ಮೊದಲ ಆರಿಸಿಕೊಂಡಾನಂತ ನೀನ ಹುಡುಗರಿಗೆ ಕಲಿಸ್ತಿ. ಅವತ್ತ ಆತಗ ನೀ ಓಡೂದು ಗೊತ್ತಿರಲಿಲ್ಲೇನು?”

ಮಾಸ್ತರರು ಕಣ್ಣೊರೆಸಿಕೊಂಡು ಅವರನ್ನೇ ನೋಡಿದರು. ಸಾವಿರ ಸಲ ಕಪ್ಪು ಹಲಗೆಯ ಮೇಲೆ ತಾವೇ ಬರೆದ ಮಾತು. ಆರಿಸಿಕೊಂಡ ದೇವರು ತಿಳಿಯದೆ ಆರಿಸಿಕೊಂಡವನಲ್ಲ. ತಂಬಿಗೆ, ತಡಿಕೆ, ಓಟ, ಆಮೇಲೆ ಹೇಳಿದ ಸುಳ್ಳು, ಎಲ್ಲವನ್ನೂ ಮುಂಚೆಯೇ ನೋಡಿ, ನೋಡಿಯೂ ಬೇಕೆಂದವನು. ಈ ಅರ್ಥ ಅವರ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ಹೊಳೆಯದ್ದು ಆಶ್ಚರ್ಯವೂ ಅಲ್ಲ. ಹಲಗೆಗೆ ಮುಖ ಮಾಡಿ ಬರೆಯುವವನಿಗೆ ತನ್ನ ಬೆನ್ನೇ ತನಗೆ ಕಾಣುವುದಿಲ್ಲ.

ಆದರೂ ಚೀಟಿ ಕೈಯಲ್ಲೇ ಇತ್ತು. ಮಾಸ್ತರರು ಅದನ್ನು ಬಿಟ್ಟಿರಲಿಲ್ಲ. ತಬಿಥಮ್ಮನವರು ಎದ್ದು ತಮ್ಮ ಸತ್ಯವೇದವನ್ನು ತಂದು, ಅದರೊಳಗಿನಿಂದ ತಮ್ಮ ಆ ವರ್ಷದ ಚೀಟಿ ತೆಗೆದರು. ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಎಂಬ ವಾಗ್ದಾನ ಅದರಲ್ಲಿತ್ತು. ಅದನ್ನು ಮಾಸ್ತರರ ಕೈಯಲ್ಲಿಟ್ಟು, ಖಾಲಿ ಚೀಟಿಗಾಗಿ ಅಂಗೈ ಚಾಚಿದರು.

ಮಾಸ್ತರರು ಗಾಬರಿಯಾದರು. ಎಷ್ಟೆಂದರೂ ಅವರು ನಿಯಮ ಬರೆದವರು. “ಬ್ಯಾಡ ಯವ್ವಾ. ಕೈಗೆ ಬಂದದ್ದು ಅವರವರದ. ಬದಲಿ ಮಾಡಂಗಿಲ್ಲ.”

ತಬಿಥಮ್ಮನವರು ಆಗ ಆಡಿದ ಮಾತನ್ನು ಕರಿಗುಡ್ಡದ ಸಭೆ ಇಂದಿಗೂ ಮರೆತಿಲ್ಲ.

“ಬದಲಿ ಇಲ್ಲಂದರ ಶಿಲುಬಿ ಮ್ಯಾಲ ಏನ ನಡೀತು, ತಮ್ಮಾ?”

ಪ್ರಾಯಶ್ಚಿತ್ತದ ಪಾಠವನ್ನು ಮಾಸ್ತರರು ಹಲವು ಭಾಗ ಮಾಡಿ ಕಲಿಸುತ್ತಿದ್ದರು. ಪಾಪಿಯ ಪಾಲಿನದನ್ನು ಪಾಪವಿಲ್ಲದವನು ತೆಗೆದುಕೊಂಡ, ತನ್ನ ಪಾಲಿನದನ್ನು ಪಾಪಿಗೆ ಕೊಟ್ಟ. ಅವರ ಎಲ್ಲ ಭಾಗಗಳ ತಿರುಳು ಇಷ್ಟೇ. ಅದು ಈಗ ನೂಲು ಸುತ್ತಿ ಬಿರಿದ ಒಂದು ಅಂಗೈಯಾಗಿ ಅವರ ಮುಂದೆ ಚಾಚಿಕೊಂಡಿತ್ತು. ಅವರು ಖಾಲಿ ಚೀಟಿಯನ್ನು ಆ ಅಂಗೈಯಲ್ಲಿ ಇಟ್ಟರು. “ಇದನ್ನ ಇಟಗೊಂಡು ನೀವೇನ ಮಾಡ್ತೀರಿ?” ಎಂದು ಕೇಳಿದರು.

“ಅದು ನನ್ನ ಚಿಂತಿ,” ಎಂದು ತಬಿಥಮ್ಮನವರು ರಾಟೆಗೆ ಕೈ ಹಾಕಿದರು. “ಎದ್ದು ಹೋಗು ಇನ್ನ. ಹುಡುಗರು ಕಾಯ್ತಿರತಾವ.”

ಸಭೆಯ ಮುಂದೆ ಒಪ್ಪಿಕೋ ಎಂದು ಅಮ್ಮನವರು ಹೇಳಲಿಲ್ಲ. ಹೇಳಿದ್ದರೆಂದು ಕೆಲವರು ಬರೆದಿದ್ದಾರೆ, ಅದು ತಪ್ಪು. ಅವರು ಯಾರಿಗೂ ಭಾರ ಹೊರಿಸುವವರಲ್ಲ. ಮುಂದೆ ನಡೆದದ್ದು ಮಾಸ್ತರರ ಎದೆಯಿಂದ ತಾನಾಗಿ ಬಂದದ್ದು.

ಈಸ್ಟರಿನ ಬೆಳಗ್ಗೆ ದೇವಾಲಯ ಕಿಕ್ಕಿರಿದಿತ್ತು. ಹನ್ನೊಂದು ಮಕ್ಕಳು ಬಿಳಿ ಬಟ್ಟೆ ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಕರಿಗುಡ್ಡದಲ್ಲಿ ಕರ್ತನ ಭೋಜನಕ್ಕೆ ಹೋಗುವುದಕ್ಕೂ ಒಂದು ಕಟ್ಟುನಿಟ್ಟಿತ್ತು. ಮೊದಲು ಹಿರಿಯರು, ಆಮೇಲೆ ಗಂಡಸರು ವಯಸ್ಸಿನ ಪ್ರಕಾರ, ಆಮೇಲೆ ಹೆಂಗಸರು. ಒಂದು ಹೆಜ್ಜೆ ಹಿಂದುಮುಂದಾದರೆ ಜಕರೀಯಪ್ಪನವರು ಕೆಮ್ಮಿ ಸರಿಪಡಿಸುವರು. ಅಯ್ಯನವರು ರೊಟ್ಟಿ ಮುರಿದು, ಬನ್ನಿರಿ ಎಂದು ಕರೆದರು. ಬಾರ್ನಬ ಮಾಸ್ತರರು ಎದ್ದರು. ಆದರೆ ಮೇಜಿನ ಹತ್ತಿರ ಹೋಗದೆ, ಸಭೆಯ ಕಡೆ ತಿರುಗಿ ನಿಂತರು.

“ನಾನು ಮೂರು ತಿಂಗಳು ಈ ಮೇಜಿಗೆ ಬಂದಿಲ್ಲ,” ಎಂದರು. “ನಾನು ಆರಿಸಲ್ಪಟ್ಟವನಲ್ಲ ಅಂದುಕೊಂಡಿದ್ದೆ. ಪ್ಲೇಗಿನ ವರ್ಷ ನನ್ನ ತಮ್ಮ ಯೋವೇಲ ಒಳಗ ಬಾ ಅಂತ ಕರೆದ. ನಾನು ಒಳಗ ಹೋಗಲಿಲ್ಲ. ಓಡಿಹೋದೆ. ಪರೀಕ್ಷಾಕ್ಕ ಹೋಗಿದ್ದೆ ಅಂತ ನಿಮಗ ಸುಳ್ಳು ಹೇಳಿದೆ. ನಾನು ಯಾರು ಅನ್ನೋದು ಗೊತ್ತಿದ್ದೂ ಕ್ರಿಸ್ತ ನನ್ನ ಬದಲಿಗೆ ಸತ್ತಾನ. ಅದಕ್ಕ ಇವತ್ತ ಬರ್ತೀನಿ. ಬ್ಯಾಡ ಅನ್ನೋರು ಇದ್ದರ ಈಗ ಹೇಳ್ರಿ.”

ಆಮೇಲೆ ಹಿರಿಯರ ಬೆಂಚಿನಿಂದ ಜಕರೀಯಪ್ಪನವರು ಎದ್ದರು. ಇನ್ನೇನು ಮಾಸ್ತರರ ಮಾನ ಹೋಯಿತು ಎಂದು ಎಲ್ಲರೂ ಅಂದುಕೊಂಡರು. ಆ ನಾಲಿಗೆಗೆ ಸಿಕ್ಕು ಉಳಿದವರಿರಲಿಲ್ಲ. ಜಕರೀಯಪ್ಪನವರು ಬೆಂಚಿನ ಅಂಚು ಹಿಡಿದುಕೊಂಡು ನಿಂತರು.

“ನಾನೂ ಓಡಿದ್ದೆ. ನಮ್ಮವ್ವನ್ನ ಬಿಟ್ಟು.”

ಗಂಡಸರ ಸಾಲಿನ ನಡುವಿನಿಂದ ಇನ್ನೊಬ್ಬರು ಎದ್ದರು. “ನಾನೂ.” ಹೆಂಗಸರ ಕಡೆಯಿಂದ ಒಬ್ಬ ಮುದುಕಿ, ಬಾಯಿಗೆ ಸೆರಗು ಹಿಡಿದು, “ನಾನೂ ಯಪ್ಪಾ, ನನ್ನ ಕೂಸಿನ್ನ” ಎಂದು ಎದ್ದಳು. ಆಮೇಲೆ ಬಾಗಿಲ ಹತ್ತಿರದಿಂದ ಒಬ್ಬರು, ಕಿಟಕಿಯ ಬಳಿಯಿಂದ ಇಬ್ಬರು. ನಲವತ್ತು ದಾಟಿದವರಲ್ಲಿ ಕೂತೇ ಉಳಿದವರು ಕಡಿಮೆ. ಒಂದೇ ಓಣಿಯಲ್ಲಿ, ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ, ಹತ್ತೊಂಬತ್ತು ವರ್ಷ ಪ್ರತಿಯೊಬ್ಬರೂ ತಾವೊಬ್ಬರೇ ಓಡಿದವರೆಂದು ತಿಳಿದು ಬಾಳಿದ್ದರು. ಛಪ್ಪರದಲ್ಲಿ ಇವರೆಲ್ಲರ ತಾಯಿ, ತಮ್ಮ, ಮಕ್ಕಳ ಕಣ್ಣು ಮುಚ್ಚಿದ್ದ ತಬಿಥಮ್ಮನವರು ಕೊನೆಯ ಸಾಲಿನಲ್ಲಿ ಕೂತಿದ್ದರು. ಯಾರು ಬಂದಿದ್ದರು, ಯಾರು ಬರಲಿಲ್ಲ, ಒಬ್ಬೊಬ್ಬರದೂ ಅವರಿಗೆ ಗೊತ್ತಿತ್ತು. ಒಬ್ಬರ ಮಾತನ್ನೂ ಇನ್ನೊಬ್ಬರಿಗೆ ಆಡಿರಲಿಲ್ಲ. ಈಗ ಅವರ ಮುಖದ ತುಂಬ ಕಣ್ಣೀರಿತ್ತು, ನಗುವೂ ಇತ್ತು.

ಅಯ್ಯನವರು ರೊಟ್ಟಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. “ಕ್ರಿಸ್ತನು ಎದ್ದಿದ್ದಾನೆ! ಬನ್ನಿರಿ!” ಎಂದು ಕೂಗಿದರು. ಮೆತ್ತಗೆ ಮಾತಾಡುವ ಆ ಮನುಷ್ಯನಿಗೆ ಅಂಥ ಗಂಟಲಿತ್ತೆಂದು ಅಂದೇ ಎಲ್ಲರಿಗೂ ತಿಳಿದದ್ದು.

ಜನ ಬಂದರು. ಹಿರಿಯರು ಮೊದಲು ಎಂದು ಯಾರೂ ಕಾಯಲಿಲ್ಲ. ಗಂಡಸರು, ಹೆಂಗಸರು, ಬಿಳಿ ಬಟ್ಟೆಯ ಹನ್ನೊಂದು ಮಕ್ಕಳು, ಎಲ್ಲರೂ ಕೂಡಿ ಅಣೆಕಟ್ಟು ಒಡೆದ ನೀರಾಗಿ ಮೇಜಿನ ಕಡೆ ನುಗ್ಗಿದರು. ಯಾರೋ ಪುನರುತ್ಥಾನದ ಕೀರ್ತನೆ ಎತ್ತಿದರು. ಅತ್ತ ಗಂಟಲುಗಳೇ ಅದನ್ನು ಹಾಡಿದವು, ರಾಗ ತಪ್ಪಿ, ತಾಳ ತಪ್ಪಿ, ಹೆಂಚು ಹಾರುವಷ್ಟು ಜೋರಾಗಿ. ಬಾರ್ನಬ ಮಾಸ್ತರರೂ ಜಕರೀಯಪ್ಪನವರೂ ಒಂದೇ ಪಾತ್ರೆಯನ್ನು ನಾಲ್ಕು ಕೈಯಲ್ಲಿ ಹಿಡಿದು ಕುಡಿದರು. ಆ ದಿನ ಕರಿಗುಡ್ಡದಲ್ಲಿ ಸಾಲು ಸರಿಪಡಿಸಲು ಕೆಮ್ಮುವವರು ಯಾರೂ ಇರಲಿಲ್ಲ.